ಕರೆದೊಯ್ಯಲು ಬಂದವರು

ಮಾರ್ಚ್ ೩, ಸೋಮವಾರ

ಅಪ್ಪನ ಬಿ.ಪಿ. ಬೆಳಿಗ್ಗೆ ನೂರೈವತ್ತು–ತೊಂಬತ್ತು. ಸಂಜೆ ಸ್ವಲ್ಪ ಇಳಿದಿದೆ. ಎರಡೂ ಹೊತ್ತಿನ ಮಾತ್ರೆ ಆಯಿತು. ಇದನ್ನು ಬರೆದಿಡಿ ಎಂದು ಡಾಕ್ಟರು ಹೇಳಿದ್ದರಿಂದ ಈ ಡೈರಿ ತಂದದ್ದು. ಬಿ.ಪಿ.ಗೆ ಬೇಕಾದದ್ದು ಒಂದೇ ಸಾಲು, ಉಳಿದ ಪುಟ ಬಿಕೋ ಎನ್ನುತ್ತದೆ. ಅದಕ್ಕೇ ನನ್ನ ಮಾತನ್ನೂ ತುಂಬಿಸುತ್ತಿದ್ದೇನೆ. ಓದುವವರು ಯಾರೂ ಇಲ್ಲ ಎಂಬುದೇ ಒಂದು ಸುಖ.

ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪ ಮಾತು ಕಡಿಮೆ ಮಾಡಿದ್ದಾರೆ. ಊರಿನ ಅರ್ಧ ಮಕ್ಕಳಿಗೆ ಚಿತ್ರ ಬರೆಯಲು ಕಲಿಸಿದ ಡ್ರಾಯಿಂಗ್ ಮೇಷ್ಟ್ರು ಈಗ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಬೀದಿ ನೋಡುತ್ತಾರೆ. ಮನಸ್ಸಿಗೆ ಆಘಾತವಾಗುವ ಸುದ್ದಿ ಯಾವುದನ್ನೂ ಹೇಳಬೇಡಿ ಎಂದಿದ್ದಾರೆ ಡಾಕ್ಟರು. ನಮ್ಮ ಮನೆಗೆ ಸುದ್ದಿ ಬರುವುದಾದರೂ ಎಲ್ಲಿಂದ? ಇರುವುದು ನಾವಿಬ್ಬರು.

ಇವತ್ತು ಕೋರ್ಟಿನಲ್ಲಿ, ನಮ್ಮ ದಾಖಲೆ ಕೋಣೆಯ ಕೌಂಟರಿಗೆ, ಅರವತ್ತು ದಾಟಿದ ಹೆಂಗಸೊಬ್ಬಳು ಬಂದಳು. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು, ತೆಗೆಯಲು ಮರೆತಿದ್ದಳು. ಗಡಿಯಾರದ ಕಂಬದ ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿಯಂತೆ.

‘ಒಬ್ಬರಿಗೆ ಗಲ್ಲುಶಿಕ್ಷೆ ಆಗಿತ್ತು. ಗಲ್ಲಿಗೆ ಹಾಕಿದ್ರೋ ಇಲ್ವೋ ತಿಳ್ಕೋಬೇಕಿತ್ತು,’ ಎಂದಳು. ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸುವವರ ದನಿ.

‘ನಿಮಗೆ ಏನಾಗ್ಬೇಕು?’

‘ಅಪ್ಪ. ನಾನಾಗ ಕೈಗೂಸು. ಅಮ್ಮನೂ ಬೇಗ ಹೋದ್ಳು, ಸೋದರಮಾವ ಸಾಕಿದ್ರು. ಗಲ್ಲಾಯ್ತು ಅಂತ್ಲೇ ಹೇಳ್ಕೊಂಡು ಬಂದ್ರು. ಹೋದ ತಿಂಗಳು ಮಾವನೂ ತೀರ್ಕೊಂಡ್ರು. ಸಾಯೋ ಮುಂಚೆ, ಹೆಣ ತಗೊಂಡು ಹೋಗಿ ಅಂತ ಯಾರೂ ನಮಗೆ ಹೇಳಿ ಕಳಿಸ್ಲೇ ಇಲ್ಲ ಕಣೇ, ಅಂದ್ರು. ಗಲ್ಲಿಗೆ ಹಾಕಿದ್ರೆ ಮನೆಯವರಿಗೆ ಹೇಳಿ ಕಳಿಸ್ಬೇಕಲ್ವಾ?’

ಯಾವ ಕೇಸು ಎಂದೆ. ಅರವತ್ತೆರಡು ವರ್ಷದ ಹಿಂದಿನದು, ಹೊಳೆದಂಡೆಯಲ್ಲಿ ಮರ ಕೊಯ್ಯುವ ಮಿಲ್ಲು, ಕೂಲಿಯೊಬ್ಬ ಹಾರೆಯಿಂದ ಮೇಸ್ತ್ರಿಯ ತಲೆಗೆ ಹೊಡೆದದ್ದು. ನನ್ನ ಪೆನ್ನು ಅಲ್ಲೇ ನಿಂತಿತು. ಆ ಮೇಸ್ತ್ರಿ ನನ್ನ ತಾತ.

ಮುಖ ಮೇಲೆತ್ತದೆ ಅರ್ಜಿ ನಮೂನೆ ಕೊಟ್ಟು ಕಳಿಸಿದೆ. ನಾನು ಯಾರೆಂದು ಅವಳಿಗೆ ಗೊತ್ತಿಲ್ಲ. ಆ ಪಾಪಿಯ ಮಗಳು ಇಷ್ಟು ವರ್ಷ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಳು.

ಮಾರ್ಚ್ ೫, ಬುಧವಾರ

ಬಿ.ಪಿ. ನೂರನಲವತ್ತು–ಎಂಬತ್ತೆಂಟು.

ಅಪ್ಪನಿಗೆ ಹೇಳಲಿಲ್ಲ, ಹೇಳುವಂತೆಯೂ ಇಲ್ಲ. ಅಪ್ಪನಿಗೆ ಹನ್ನೊಂದು ವರ್ಷವಿದ್ದಾಗ ತಾತನ ಕೊಲೆಯಾದದ್ದು. ಆ ವಿಷಯ ಬಂದಾಗಲೆಲ್ಲ ಅವರು ಹೇಳುತ್ತಿದ್ದದ್ದು ಎರಡೇ ಮಾತು: ‘ಗಲ್ಲಾಯ್ತು. ಮುಗೀತು.’ ತಾತನ ಅಣ್ಣ, ತಮ್ಮ ಇಬ್ಬರೂ ಬದುಕಿದ್ದಾಗ ಇದೇ ಕಥೆಯನ್ನು ಮೀಸೆ ತಿರುವಿಕೊಂಡು ಹೇಳುತ್ತಿದ್ದರು. ಗಲ್ಲಾಗದೆ ಹೊರಗೆ ಬಂದಿದ್ದರೆ ಜೈಲಿನ ಬಾಗಿಲಲ್ಲೇ ಮುಗಿಸುತ್ತಿದ್ದೆವು ಎನ್ನುತ್ತಿದ್ದರು. ಮುಗಿಸುವಂಥವರೇ. ತಾತನ ತಮ್ಮ ಯಾರದೋ ಕೈ ಕಡಿದು ಜೈಲು ನೋಡಿ ಬಂದವರು. ಅಜ್ಜಿ ಮಾತ್ರ ಆ ಮಾತು ಶುರುವಾದರೆ ಎದ್ದು ಒಳಗೆ ಹೋಗುತ್ತಿದ್ದಳು.

ಅರ್ಜಿ ಬಂದ ಮೇಲೆ ಉತ್ತರ ಕೊಡಬೇಕಾದದ್ದು ನಿಯಮ. ಗಲ್ಲಾದ ದಿನಾಂಕ ಹುಡುಕಿ ಅವಳ ಕೈಗಿಟ್ಟರೆ ಮುಗಿಯಿತು. ನಿಜ ಹೇಳಬೇಕೆಂದರೆ, ಆ ದಿನಾಂಕವನ್ನು ನನ್ನ ಕೈಯಾರೆ ಬರೆದು ಕೊಡಬೇಕೆಂಬ ಆಸೆ ನನಗಿದೆ.

ಮಾರ್ಚ್ ೧೦, ಸೋಮವಾರ

ಮಾತ್ರೆ ಆಯಿತು. ಬಿ.ಪಿ. ಪರವಾಗಿಲ್ಲ.

ತೀರ್ಪಿನ ಕಡತ ಸಿಕ್ಕಿತು. ‘ಸಾಯುವ ತನಕ ನೇಣು’ ಎಂದು ಬರೆದಿದ್ದಾರೆ. ಮೇಲಿನ ಕೋರ್ಟು ಅದನ್ನೇ ಎತ್ತಿಹಿಡಿದಿದೆ. ಆದರೆ ಗಲ್ಲಿಗೆ ಹಾಕಿದ ವರದಿ ಕಡತದಲ್ಲಿಲ್ಲ. ಅಲ್ಲಿಂದ ಮುಂದೆ ಖಾಲಿ ಹಾಳೆ. ಮತ್ತೊಂದು ವಿಚಿತ್ರವೆಂದರೆ, ಕಣ್ಣಾರೆ ಕಂಡ ಸಾಕ್ಷಿ ಎಂದು ಅಜ್ಜಿಯನ್ನು ಪೊಲೀಸರು ಸೇರಿಸಿದ್ದರು, ಆದರೆ ಅವಳು ಕೋರ್ಟಿಗೆ ಬಂದೇ ಇಲ್ಲ. ‘ಅನಾರೋಗ್ಯ’ ಎಂದಿದೆ. ಅಜ್ಜಿ ಗುಂಡುಕಲ್ಲಿನ ಹಾಗಿದ್ದವಳು.

ಟೈಲರ್ ಹೆಂಗಸು ಮಧ್ಯಾಹ್ನ ಬಂದಳು. ತೀರ್ಪಿನ ನಕಲು ಕೊಟ್ಟೆ. ಬೆಂಚಿನ ಮೇಲೆ ಕೂತು ಬೆರಳಿಟ್ಟು ಓದಿದಳು. ಅಳುತ್ತಾಳೆಂದು ಕಾಯುತ್ತಿದ್ದೆ, ಅಳಲಿಲ್ಲ.

‘ಸತ್ತೋರಿಗೆ ಮಕ್ಕಳಿದ್ರಾ?’ ಎಂದು ಕೇಳಿದಳು.

‘ಒಬ್ಬ ಮಗ.’

‘ಪಾಪ,’ ಎಂದಳು. ‘ಅವನಿಗಾದ್ರೂ ಏನಾಯ್ತು ಅಂತ ಗೊತ್ತಿರತ್ತೆ.’

ಮುದ್ರೆಯ ಮಸಿಡಬ್ಬಿಯ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದೆ.

ಮಾರ್ಚ್ ೧೧, ಮಂಗಳವಾರ

ಮುಚ್ಚಿಹೋದ ಜೈಲುಗಳ ಹಳೇ ದಫ್ತರಗಳೆಲ್ಲ ನಮ್ಮ ನೆಲಮಾಳಿಗೆಯಲ್ಲಿವೆ. ಗಲ್ಲಿನ ವಿಷಯ ಇದ್ದರೆ ಅಲ್ಲೇ ಇರಬೇಕು. ಇವತ್ತೇ ಸಾಹೇಬರ ಆದೇಶ ಬಂತು: ಈ ತಿಂಗಳ ಇಪ್ಪತ್ತೆಂಟಕ್ಕೆ ಲಾರಿ ಬರುತ್ತದೆ, ನೆಲಮಾಳಿಗೆಯ ದಫ್ತರವೆಲ್ಲ ನಾಶಕ್ಕೆ. ಪಟ್ಟಿ ಮಾಡಿ ಸಹಿ ಹಾಕಬೇಕಾದವಳು ನಾನೇ.

ಮಾರ್ಚ್ ೧೫, ಶನಿವಾರ

ಮೈಯೆಲ್ಲ ದೂಳು. ಎರಡು ಸಲ ಸ್ನಾನ ಮಾಡಿದರೂ ಮೂಗಿನಲ್ಲಿ ಆ ವಾಸನೆ ಹೋಗಿಲ್ಲ.

ಹೊರಗಿನವರನ್ನು ನೆಲಮಾಳಿಗೆಗೆ ಬಿಡಬಾರದು, ನಿಯಮ. ಒಬ್ಬಳೇ ಆ ಮೂಟೆಗಳನ್ನು ಎಳೆಯಲು ಆಗುವುದಿಲ್ಲ, ಅದೂ ನಿಜ. ಮಧ್ಯಾಹ್ನ ಕಚೇರಿ ಖಾಲಿಯಾದ ಮೇಲೆ ಟೈಲರಮ್ಮನನ್ನು ಕರೆದೆ. ಸೆರಗು ಸಿಕ್ಕಿಸಿಕೊಂಡು ಇಳಿದರು. ಕಟ್ಟಿದ ಹುರಿಯ ಗಂಟುಗಳನ್ನು ನಾನು ಕತ್ತರಿಸುತ್ತಿದ್ದರೆ ಅವರು ಉಗುರಿನಲ್ಲೇ ಬಿಡಿಸುತ್ತಿದ್ದರು. ‘ಗಂಟು ಅನ್ನೋದು ಹಾಕಿದವನ ಕೈ ಗೊತ್ತಾದ್ರೆ ಬಿಚ್ಚತ್ತೆ,’ ಎಂದರು.

ಗಲ್ಲಿನ ಕೋಣೆಯಲ್ಲಿದ್ದ ಕೈದಿಗಳ ಪುಸ್ತಕ ಸಿಕ್ಕಿತು. ಒಬ್ಬೊಬ್ಬರ ಸಾಲಿನ ಕೊನೆಯಲ್ಲೂ ಕಪ್ಪು ಮಸಿಯಲ್ಲಿ ‘ಜಾರಿಯಾಯಿತು’ ಎಂಬ ಒಂದೇ ಪದ. ಅವನ ಸಾಲಿನಲ್ಲಿ ಮಾತ್ರ ಕೆಂಪು ಮಸಿ: ‘ಮೃತನ ವಿಧವೆಯ ಮನವಿಯ ಮೇರೆಗೆ ಮರಣದಂಡನೆ ರದ್ದು. ಜೀವಾವಧಿ. ಬೇರೆ ಜೈಲಿಗೆ ರವಾನೆ.’

ನಾನು ಓದಿದ್ದನ್ನು ನಾನೇ ನಂಬಲಿಲ್ಲ. ಇನ್ನೊಮ್ಮೆ ಓದಿದೆ. ಟೈಲರಮ್ಮ ಮೂಟೆಯ ಮೇಲೆ ಕೂತರು.

‘ಅಂದ್ರೆ ಬದುಕಿದ್ರಾ?’

‘ಆಗ ಬದುಕಿದ್ದ.’

‘ಗಂಡನ್ನ ಕಳ್ಕೊಂಡೋರು ಹೋಗಿ ಬಿಡಿಸಿದ್ರಾ?’ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡರು. ‘ಆ ಮನೆಯವರು ಯಾರಾದ್ರೂ ಈ ಊರಲ್ಲಿದ್ದಾರಾ? ಗೊತ್ತಾದ್ರೆ ಹೇಳಿ. ಒಂದು ಸಲ ಕಾಲು ಮುಟ್ಟಿ ಬರ್ತೀನಿ.’

ಗೊತ್ತಿಲ್ಲ ಎಂದೆ.

ಅಜ್ಜಿ ಮನೆಯವರ ಬೆನ್ನ ಹಿಂದೆ ಹೋಗಿ ಇಂಥದ್ದು ಮಾಡಿದ್ದಾಳೆ. ಅಪ್ಪ ಅರವತ್ತು ವರ್ಷ ಒಂದು ಸುಳ್ಳನ್ನು ನಂಬಿಕೊಂಡು ಬದುಕಿದ್ದಾರೆ, ಹೆತ್ತ ತಾಯಿಯೇ ಹೇಳಿದ ಸುಳ್ಳು. ಈ ವಯಸ್ಸಿನಲ್ಲಿ ಇದು ಗೊತ್ತಾದರೆ ಅವರ ಎದೆ ತಡೆಯುತ್ತದೆಯೇ?

ಮಾರ್ಚ್ ೧೮, ಮಂಗಳವಾರ

ಬೆಳಿಗ್ಗೆ ಸುಮ್ಮನೆ ಕೇಳಿದ ಹಾಗೆ ಕೇಳಿದೆ. ‘ಅಪ್ಪಾ, ಅಜ್ಜಿ ಯಾವತ್ತಾದ್ರೂ ಆ ಗಲ್ಲಿನ ವಿಷಯ ನಿಮ್ಮ ಹತ್ರ ಮಾತಾಡಿದ್ರಾ?’

ಅಪ್ಪ ಪತ್ರಿಕೆ ಮಡಚಿದರು. ‘ಯಾಕೆ ಈಗ?’

‘ಸುಮ್ನೆ.’

‘ಸುಮ್ನೆ ಯಾರೂ ಹಳೇ ಹೆಣ ಅಗೆಯಲ್ಲ. ಗಲ್ಲಾಯ್ತು. ಮುಗೀತು.’

ಪತ್ರಿಕೆಯನ್ನು ಮತ್ತೆ ಬಿಚ್ಚಿದರು, ಓದಲಿಲ್ಲ. ಬಿ.ಪಿ. ನೂರೆಪ್ಪತ್ತಕ್ಕೆ ಏರಿತ್ತು. ಇನ್ನು ಈ ಮಾತು ಎತ್ತುವುದಿಲ್ಲ ಎಂದು ಕಿವಿ ಹಿಂಡಿಕೊಂಡೆ.

ಮಾರ್ಚ್ ೨೧, ಶುಕ್ರವಾರ

ಸಿಕ್ಕಿತು. ಸಿಗಬಾರದಿತ್ತು.

ಬೇರೆ ಜೈಲಿನ ಬಿಡುಗಡೆ ಪುಸ್ತಕ. ನಾನು ಒಬ್ಬಳೇ ಇದ್ದೆ. ಹದಿನಾಲ್ಕು ವರ್ಷ ಮುಗಿಸಿ ಆ ಮನುಷ್ಯ ಹೊರಗೆ ಬಂದಿದ್ದಾನೆ. ದಿನಾಂಕ ಇದೆ, ಹೆಬ್ಬೆಟ್ಟಿದೆ. ಕೊನೆಯ ಕಾಲಮ್ಮು ‘ಕರೆದೊಯ್ಯಲು ಬಂದವರು’. ಬೇರೆಯವರ ಸಾಲಿನಲ್ಲಿ ಅಣ್ಣ, ಹೆಂಡತಿ, ಮಗ, ‘ಯಾರೂ ಇಲ್ಲ’. ಅವನ ಸಾಲಿನಲ್ಲಿ ‘ಪರಿಚಿತ’ ಎಂದು ಬರೆದು ಸಹಿ ಹಾಕಿದ್ದಾರೆ.

ಆ ಸಹಿ ನನಗೆ ಗೊತ್ತು. ಮೊದಲಕ್ಷರದಿಂದ ಹೊರಟ ಗೆರೆ ಹೆಸರನ್ನೆಲ್ಲ ಸುತ್ತಿ ಬಂದು ಬಾತುಕೋಳಿಯ ಕೊರಳಿನಂತೆ ನಿಲ್ಲುತ್ತದೆ. ನನ್ನ ಶಾಲೆಯ ಪ್ರಗತಿಪತ್ರಗಳ ಮೇಲೆಲ್ಲ ಅದೇ ಬಾತುಕೋಳಿ.

ಅಪ್ಪ.

ಮಾರ್ಚ್ ೨೪, ಸೋಮವಾರ

ಟೈಲರಮ್ಮ ಬಂದಿದ್ದರು. ಬಿಡುಗಡೆ ಪುಸ್ತಕ ಸಿಗಲಿಲ್ಲ ಎಂದೆ, ಬಹುಶಃ ಗೆದ್ದಲು ತಿಂದಿರಬೇಕು ಎಂದೆ. ಸುಳ್ಳು ಹೇಳುವಾಗ ಎರಡೆರಡು ಕಾರಣ ಕೊಡಬಾರದು ಎಂದು ಆಮೇಲೆ ಹೊಳೆಯಿತು.

‘ಹೋಗ್ಲಿ ಬಿಡಿ,’ ಎಂದರು. ‘ನೀವಾದ್ರೂ ಹುಡುಕಿದ್ರಿ. ಇಷ್ಟು ವರ್ಷ ಅವರನ್ನ ಹುಡುಕಿದವರೇ ಇರಲಿಲ್ಲ.’

ಅವರು ಮೆಟ್ಟಿಲು ಇಳಿಯುವುದನ್ನು ನೋಡುತ್ತಾ ನಿಂತೆ. ಮೊಣಕಾಲು ನೋವಿರಬೇಕು, ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಇಟ್ಟು ಇಳಿದರು. ಆಮೇಲೆ ನೆಲಮಾಳಿಗೆಗೆ ಹೋಗಿ ಆ ಪುಸ್ತಕವನ್ನು ನಾಶದ ಮೂಟೆಯೊಳಗೆ ತಳದಲ್ಲಿಟ್ಟು ಬಾಯಿ ಕಟ್ಟಿದೆ. ಶುಕ್ರವಾರ ಲಾರಿ ಬರುತ್ತದೆ. ಅಪ್ಪ ನೆಮ್ಮದಿಯಾಗಿರುತ್ತಾರೆ. ನಾನೂ.

ಊಟ ಇಳಿಯಲಿಲ್ಲ. ಅಪ್ಪ ಕಾರಣ ಕೇಳಿದರು, ಹೊಟ್ಟೆ ಸರಿಯಿಲ್ಲ ಎಂದೆ. ಅವರ ಮುಖ ನೋಡಲು ಆಗುತ್ತಿಲ್ಲ. ಯಾಕೆ ಹೋದರು ಅಲ್ಲಿಗೆ? ತಂದೆಯನ್ನು ಕೊಂದವನನ್ನು ಬರಮಾಡಿಕೊಳ್ಳಲು ಯಾವ ಮಗ ಹೋಗುತ್ತಾನೆ? ಕರೆದುಕೊಂಡು ಎಲ್ಲಿಗೆ ಹೋದರು? ಬಿಡುಗಡೆಯಾದ ಆ ಮನುಷ್ಯ ಆಮೇಲೆ ಯಾರ ಕಣ್ಣಿಗೂ ಬಿದ್ದಿಲ್ಲ. ಕೊನೆಗೆ ಅವನ ಜೊತೆ ಇದ್ದದ್ದು ಅಪ್ಪ. ಇದರ ಮುಂದೆ ಯೋಚಿಸಲು ಹೆದರಿಕೆಯಾಗುತ್ತದೆ.

ಮಾರ್ಚ್ ೨೮, ಶುಕ್ರವಾರ

ಲಾರಿ ಬೆಳಿಗ್ಗೆಯೇ ಬಂತು. ಕೂಲಿಯವರು ಮೂಟೆಗಳನ್ನು ಹೊತ್ತು ಹಾಕುತ್ತಿದ್ದರು. ಸಾಹೇಬರು ಪಟ್ಟಿಯನ್ನು ಮುಂದಿಟ್ಟು ಸಹಿ ಮಾಡಿ ಎಂದರು. ಕೆಳಗೆ ಅಚ್ಚಾದ ಸಾಲು: ‘ಸದರಿ ದಾಖಲೆಗಳಿಂದ ಇನ್ನು ಯಾರಿಗೂ ಯಾವ ಪ್ರಯೋಜನವೂ ಇಲ್ಲವೆಂದು ಖುದ್ದು ಪರಿಶೀಲಿಸಿ ದೃಢೀಕರಿಸಿದ್ದೇನೆ.’ ಎಷ್ಟೋ ಸಲ ಕಣ್ಣುಮುಚ್ಚಿ ಸಹಿ ಹಾಕಿದ ಸಾಲು ಅದು. ಇವತ್ತು ಪೆನ್ನು ಊರಿದರೆ ಕೈ ಮುಂದಕ್ಕೆ ಹೋಗಲಿಲ್ಲ.

‘ಏನಮ್ಮ, ಹೆಸರು ಮರೆತುಹೋಯ್ತಾ?’ ಎಂದರು ಸಾಹೇಬರು.

‘ಒಂದು ಮೂಟೆ ಇಳಿಸ್ಬೇಕು ಸರ್.’

‘ಯಾವ್ದು?’

ಯಾವುದೆಂದು ನನಗೂ ಗೊತ್ತಾಗಲಿಲ್ಲ, ಎಲ್ಲ ಮೂಟೆಗಳೂ ಒಂದೇ ಥರ. ಲಾರಿ ಹತ್ತಿದೆ. ಸೀರೆ ಕೊಕ್ಕೆಗೆ ಸಿಕ್ಕಿ ಹರಿಯಿತು. ಕೂಲಿಯವರು ಬೀಡಿ ಹಚ್ಚಿಕೊಂಡು ನಿಂತು ನೋಡಿದರು. ಮೇಲಿನವನ್ನೆಲ್ಲ ಸರಿಸಿ, ಕೊನೆಗೆ ನಾನೇ ಕಟ್ಟಿದ ಗಂಟು ಕಣ್ಣಿಗೆ ಬಿತ್ತು.

‘ಸತ್ತ ಕಳ್ಳರ ಜಾತಕ ಇಟ್ಕೊಂಡು ಏನ್ ಮಾಡ್ತೀರಮ್ಮ?’ ಎಂದು ಸಾಹೇಬರು ನಕ್ಕರು. ಪಟ್ಟಿಯಲ್ಲಿ ಆ ಪುಸ್ತಕದ ಮುಂದೆ ‘ಶಾಶ್ವತವಾಗಿ ಇಡತಕ್ಕದ್ದು’ ಎಂದು ತಿದ್ದಿ, ಆಮೇಲೆ ಸಹಿ ಹಾಕಿದೆ.

ಮಾರ್ಚ್ ೩೦, ಭಾನುವಾರ

ಪುಸ್ತಕವನ್ನು ಮನೆಗೆ ತಂದಿದ್ದೆ. ಇಷ್ಟು ವರ್ಷದ ನೌಕರಿಯಲ್ಲಿ ಕಚೇರಿಯ ಒಂದು ಗುಂಡುಸೂಜಿಯನ್ನೂ ಮನೆಗೆ ತಂದವಳಲ್ಲ. ಮೊದಲು ಡಾಕ್ಟರಿಗೆ ಫೋನು ಮಾಡಿ, ಹೇಳಲೇಬೇಕಾದ ವಿಷಯ ಒಂದಿದ್ದರೆ ಏನು ಮಾಡಲಿ ಎಂದು ಕೇಳಿದೆ. ‘ಕೂರಿಸಿ ಹೇಳಿ. ನಾಲಿಗೆ ಕೆಳಗಿಡೋ ಮಾತ್ರೆ ಹತ್ರ ಇಟ್ಕೊಳ್ಳಿ,’ ಎಂದರು.

ಅಪ್ಪನ ತೊಡೆಯ ಮೇಲೆ ಪುಸ್ತಕ ತೆರೆದಿಟ್ಟೆ. ಕನ್ನಡಕ ಹಾಕಿಕೊಂಡು ನೋಡಿದರು. ಆ ಸಹಿಯ ಮೇಲೆ ಬೆರಳಾಡಿಸಿದರು.

‘ಇಷ್ಟು ನೆಟ್ಟಗೆ ಹಾಕಿದ್ದೀನಾ? ಕೈ ನಡುಗ್ತಿತ್ತು ಅಂತ ನನ್ನ ನೆನಪು,’ ಎಂದರು.

ನಾನು ಮಾತ್ರೆಯ ಸೀಸೆ ಹಿಡಿದು ಕೂತಿದ್ದೆ. ಅವರೇ ಹೇಳತೊಡಗಿದರು.

‘ಅವತ್ತು ನಿಮ್ಮಜ್ಜಿ ಬುತ್ತಿ ತಗೊಂಡು ಮಿಲ್ಲಿಗೆ ಹೋಗಿದ್ಳು. ಮೊದಲು ಹಾರೆ ಎತ್ತಿದ್ದು ನಮ್ಮಪ್ಪ. ಆ ಕೂಲಿಯವರು ಅದನ್ನ ಕಿತ್ಕೊಂಡು ಬೀಸಿದ್ರು. ಒಂದೇ ಏಟು. ಅಮ್ಮ ಕಣ್ಣಾರೆ ನೋಡಿದ್ಳು. ಕೋರ್ಟಲ್ಲಿ ಇದ್ದದ್ದು ಇದ್ದ ಹಾಗೆ ಹೇಳ್ತೀನಿ ಅಂದಿದ್ದಕ್ಕೆ ದೊಡ್ಡಪ್ಪ ಚಿಕ್ಕಪ್ಪ ಸೇರಿ ಕೋಣೆಗೆ ನೂಕಿ ಚಿಲಕ ಹಾಕಿದ್ರು. ಗಲ್ಲು ಅಂತ ತೀರ್ಪು ಬಂತು. ಅಮ್ಮನಿಗೆ ತುತ್ತು ಇಳೀಲಿಲ್ಲ. ತವರಿಗೆ ಅಂತ ಸುಳ್ಳು ಹೇಳಿ, ನನ್ನ ಕೈ ಹಿಡ್ಕೊಂಡು ಹೊರಟವಳು ನೇರ ರಾಜಧಾನಿಗೆ ಹೋಗಿ ದೊಡ್ಡ ಕಚೇರಿ ಬಾಗಿಲಲ್ಲಿ ಕೂತ್ಳು.’

‘ನಿಮಗೆಲ್ಲ ಗೊತ್ತಿತ್ತಾ ಹಾಗಾದ್ರೆ?’

‘ನಾನೇ ಪಕ್ಕದಲ್ಲಿ ನಿಂತಿದ್ನಲ್ಲ. ಶಿಕ್ಷೆ ರದ್ದಾಯ್ತು ಅಂತ ಗೊತ್ತಾದ ದಿನ ಅಮ್ಮನೇ ಊರಲ್ಲಿ ಗಲ್ಲಾಯ್ತಂತೆ ಅಂತ ಸುದ್ದಿ ಬಿಟ್ಳು. ಇಲ್ಲದಿದ್ರೆ ದೊಡ್ಡಪ್ಪ ಬಿಡ್ತಿದ್ರಾ? ಈ ಮನೇಲಿ ಒಂದು ಹೆಣ ಸಾಕು ಮಗಾ, ಯಾರು ಕೇಳಿದ್ರೂ ಗಲ್ಲಾಯ್ತು ಅನ್ನು, ಅಂದ್ಳು. ಅಂದೆ. ಅನ್ನುತ್ತಾ ಅನ್ನುತ್ತಾ ಎಪ್ಪತ್ತು ದಾಟ್ತು.’

ಹದಿನಾಲ್ಕು ವರ್ಷದ ಮೇಲೆ ಜೈಲಿನಿಂದ ಬಿಡುಗಡೆಯ ಕಾಗದ, ಮನವಿ ಕೊಟ್ಟವಳೆಂದು, ಅಜ್ಜಿಯ ಹೆಸರಿಗೇ ಬಂದಿತಂತೆ. ಆಗ ಅವಳು ಕಾಲು ಮುರಿದುಕೊಂಡು ಮಲಗಿದ್ದಳು. ಹೋಗಿ ಬಾಗಿಲಲ್ಲೇ ಕಂಡು, ಊರ ಕಡೆ ಬರದ ಹಾಗೆ ನೋಡಿಕೋ ಎಂದು ಅಪ್ಪನನ್ನು ಕಳಿಸಿದಳಂತೆ.

‘ಹೋಗಿ ಏನಂದ್ರಿ ಅವರಿಗೆ?’

ಅಪ್ಪ ಪುಸ್ತಕ ಮುಚ್ಚಿದರು. ‘ಅದನ್ನ ನಿನಗೆ ಹೇಳಬೇಕಾಗಿಲ್ಲ. ಅವರ ಮಗಳಿಗೆ ಹೇಳ್ಬೇಕು. ಆಕೆ ಎಲ್ಲಿದ್ದಾಳೆ ಅಂತ ನನಗೆ ಗೊತ್ತು. ಆ ಬೀದಿಗೆ ನಾನು ಯಾಕೆ ಕಾಲಿಡಲ್ಲ ಅಂತ ನೀನು ಯಾವತ್ತೂ ಕೇಳಲಿಲ್ಲ.’

ಮಾತ್ರೆ ಬೇಕಾಗಲಿಲ್ಲ. ನನಗೇ ನೀರು ಬೇಕಾಯಿತು.

ಏಪ್ರಿಲ್ ೨, ಬುಧವಾರ

ಅಂಗಡಿಗೆ ಹೋದೆ. ಟೈಲರಮ್ಮನನ್ನು ಇನ್ನು ಅಕ್ಕ ಎಂದೇ ಬರೆಯುತ್ತೇನೆ. ಅಕ್ಕ ರವಿಕೆಯೊಂದಕ್ಕೆ ತೋಳು ಕೂರಿಸುತ್ತಿದ್ದರು. ಎದುರಿಗಿನ ಸ್ಟೂಲಿನಲ್ಲಿ ಕೂತು ಎಲ್ಲವನ್ನೂ ಹೇಳಿದೆ: ನಾನು ಯಾರು, ಪುಸ್ತಕದಲ್ಲಿ ಯಾರ ಸಹಿ ಇದೆ, ನಾನು ಹೇಳಿದ ಸುಳ್ಳು, ಮೂಟೆ, ಲಾರಿ. ಅವರು ಮಿಷನ್ ನಿಲ್ಲಿಸಲಿಲ್ಲ. ತೋಳು ಮುಗಿಸಿ ದಾರವನ್ನು ಹಲ್ಲಿನಲ್ಲಿ ಕತ್ತರಿಸಿದರು.

‘ಮೊದಲನೇ ದಿನವೇ ನಿಮಗೆ ಗೊತ್ತಿತ್ತಾ?’

‘ಹೂಂ.’

‘ನಾನು ಕಾಲು ಮುಟ್ತೀನಿ ಅಂದಾಗ್ಲೂ?’

‘ಹೂಂ.’

‘ಈಗ ಹೋಗಿ,’ ಎಂದರು.

ಏಪ್ರಿಲ್ ೫, ಶನಿವಾರ

ಎರಡು ದಿನ ಅಪ್ಪ ಬೆಳಿಗ್ಗೆಯೇ ಕ್ಷೌರ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂರುತ್ತಿದ್ದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಇವತ್ತು ಅಕ್ಕ ತಾವಾಗಿಯೇ ಬಂದರು. ಅಪ್ಪ ಏಳಲು ಹೋದರು, ಆಗಲಿಲ್ಲ. ಅಕ್ಕ ಬಾಗಿಲ ಬಳಿಯೇ ನಿಂತು ಮಾತಾಡಿದರು.

‘ಮೇಷ್ಟ್ರೇ, ಅವರು ಹೊರಗೆ ಬಂದಾಗ ಏನು ಕೇಳಿದ್ರು?’

‘ಮಗು ನಡೀತಾಳಾ ಅಂತ ಕೇಳಿದ್ರು. ನಿಮಗಾಗ ಹದಿನೈದು ತುಂಬಿತ್ತು. ಅವರ ಕಣ್ಣಲ್ಲಿ ನೀವಿನ್ನೂ ಕೈಗೂಸೇ.’

ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡರು.

‘ಒಂದು ಸಲ ದೂರದಿಂದ ತೋರಿಸಿ ಅಂದ್ರು,’ ಎಂದರು ಅಪ್ಪ. ‘ದೊಡ್ಡಪ್ಪ ಇನ್ನೂ ಗಟ್ಟಿಯಾಗಿದ್ರು. ನೀವು ಈ ಸೀಮೇಲಿ ಕಾಣಿಸ್ಕೊಂಡ್ರೆ ನಿಮ್ಮ ಜೀವ ಹೋಗತ್ತೆ, ಮಗೂನೂ ಬಿಡಲ್ಲ ಅವರು, ಈಗ ಬೇಡ, ಮುಂದೆ ನಾನೇ ಕರೆಸ್ತೀನಿ ಅಂದೆ. ಬಂದರಿನ ಊರಿನ ಬಸ್ಸು ಹತ್ತಿಸಿದೆ. ಅಲ್ಲಿ ಮರದ ಕೆಲಸ ಸಿಗತ್ತೆ ಅಂತ ಕೇಳಿದ್ದೆ. ಕಿಟಕಿಯಿಂದ ಕೈ ಮುಗಿದ್ರು ನನಗೆ. ನಾನೇನೋ ಉಪಕಾರ ಮಾಡಿದ ಹಾಗೆ.’

‘ಮುಂದೆ ಅಂದ್ರೆ ಯಾವಾಗ?’

‘ದೊಡ್ಡಪ್ಪ ಚಿಕ್ಕಪ್ಪ ಇಬ್ಬರೂ ಹೋದ ಮೇಲೆ ಒಂದು ಕಾರ್ಡು ಬರೆದೆ. ಮಗಳು ಈ ಊರಿಗೇ ಮದುವೆಯಾಗಿ ಬಂದಿದ್ದಾಳೆ, ಇಂಥ ಬೀದೀಲಿ ಅಂಗಡಿ, ಇನ್ನು ಭಯ ಇಲ್ಲ, ಬನ್ನಿ ಅಂತ. ಉತ್ತರ ಬರಲಿಲ್ಲ. ತೀರ್ಕೊಂಡಿರ್ಬೇಕು ಅಂದ್ಕೊಂಡೆ. ಹಾಗೆ ಅಂದ್ಕೊಳ್ಳೋದು ಸುಲಭವಾಗಿತ್ತು.’

‘ನನಗೆ ಹೇಳ್ಬಹುದಿತ್ತು. ಎರಡು ಬೀದಿ.’

‘ಹೌದು.’

‘ನಿಮ್ಮಮ್ಮ ನಮ್ಮಪ್ಪನ ಜೀವ ಉಳಿಸಿದ್ರು. ಅದನ್ನ ನನಗೆ ಕೊಡೋದಕ್ಕೆ ನಿಮ್ಮ ಕೈಲಾಗ್ಲಿಲ್ಲ.’

ಅಕ್ಕ ಆ ಊರಿನ ಹೆಸರನ್ನು ನನ್ನಿಂದ ಒಂದು ಚೀಟಿಯಲ್ಲಿ ಬರೆಸಿಕೊಂಡರು. ‘ನಾಳೆ ಮೊದಲನೇ ಬಸ್ಸಿಗೆ ಹೋಗ್ತೀನಿ. ದಾಖಲೆ ಓದೋಕೆ ಬರೋರು ಒಬ್ಬರು ಜೊತೆಗಿದ್ರೆ ಒಳ್ಳೇದು,’ ಎಂದರು, ನನ್ನ ಮುಖ ನೋಡದೆ.

ಏಪ್ರಿಲ್ ೭, ಸೋಮವಾರ

ದಾಖಲೆ ಓದುವ ಕೆಲಸ ಬೀಳಲೇ ಇಲ್ಲ. ಬಂದರಿನ ಮರದ ಅಡ್ಡೆ ಈಗಿಲ್ಲ, ಅಲ್ಲಿ ಮಂಜುಗಡ್ಡೆಯ ಕಾರ್ಖಾನೆ ಇದೆ. ಆದರೆ ಎದುರಿನ ಊಟದ ಮನೆಯ ಮುದುಕಿ, ಜೈಲಿನಿಂದ ಬಂದ ಮರದ ಕೆಲಸದವರು ಎಂದು ನಾನು ತಡವರಿಸುತ್ತಿದ್ದಂತೆ, ‘ಗರಗಸದಜ್ಜನಾ?’ ಎಂದಳು. ಗರಗಸಕ್ಕೆ ಹಲ್ಲು ಕೂರಿಸುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲವಂತೆ. ಆಕೆಯ ಹಿತ್ತಲ ಕೋಣೆಯಲ್ಲೇ ಕೊನೆಯ ತನಕ ಇದ್ದರಂತೆ. ಹೋಗಿ ಹನ್ನೊಂದು ವರ್ಷವಾಯಿತು.

ಅಕ್ಕ ಹನ್ನೊಂದು ವರ್ಷ ಎಂಬುದನ್ನು ತಮಗಷ್ಟೇ ಕೇಳುವಂತೆ ಒಮ್ಮೆ ಅಂದರು.

‘ಒಳ್ಳೇ ಜೀವ,’ ಎಂದಳು ಮುದುಕಿ. ‘ಯಾರಾದ್ರೂ ದನಿ ಎತ್ತಿ ಜಗಳ ಆಡಿದ್ರೆ ತಟ್ಟೆ ಬಿಟ್ಟು ಎದ್ದು ಹೋಗ್ತಿದ್ರು. ಊರು ಬಿಟ್ಟು ಹೋಗಿದ್ದು ಒಂದೇ ಸಲ. ಯಾರದೋ ಕಾರ್ಡು ಬಂದಿತ್ತು, ನನ್ನ ಮಗನ ಕೈಲಿ ಓದಿಸ್ಕೊಂಡ್ರು. ವಾಪಸ್ ಬರೋವಾಗ ಹೊಸ ಶರ್ಟು ಹಾಕಿದ್ರು, ನೀಲಿ ಗೀಟಿನದು. ಮಗಳ ಅಂಗಡೀಲಿ ಹೊಲಿಸ್ಕೊಂಡೆ ಅಂದ್ರು. ಮಾತಾಡಿಸಿದ್ರಾ ಅಂದೆ. ಇಲ್ಲ, ಕೆಲಸ ಮಾಡ್ತಾ ನಗ್ತಾ ಕೂತಿದ್ಳು, ನಾನು ಯಾರು ಅಂತ ಹೇಳಿದ್ರೆ ಆ ನಗು ನಿಂತುಹೋಗ್ತಿತ್ತು ಅಂದ್ರು. ಆ ಶರ್ಟು ಹಬ್ಬಕ್ಕೂ ಹಾಕಲಿಲ್ಲ. ಕೊನೆಗೆ ಅದನ್ನೇ ತೊಡಿಸಿ ಕಳಿಸಿದ್ವಿ.’

ಅಕ್ಕ ಎದ್ದು ನಿಂತರು. ‘ನಾನು ಗಂಡಸರ ಶರ್ಟು ಹೊಲಿಯಲ್ಲ. ಒಂದು ದಿನವೂ ಹೊಲಿದಿಲ್ಲ,’ ಎಂದರು, ಗಟ್ಟಿಯಾಗಿ.

ವಾಪಸ್ ಬರುವ ಬಸ್ಸಿನಲ್ಲೂ ಅದೇ ಮಾತು. ‘ಬೇರೆ ಯಾವ್ದೋ ಅಂಗಡಿ ಹೊಕ್ಕಿರ್ತಾರೆ. ಬೇರೆ ಯಾವಳನ್ನೋ ನೋಡಿ ಮಗಳು ಅಂದ್ಕೊಂಡಿರ್ತಾರೆ.’ ಆಮೇಲೆ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡರು. ನಿದ್ದೆ ಮಾಡಲಿಲ್ಲ ಎಂದು ಗೊತ್ತು, ಅವರ ಕೈ ನನ್ನ ಕೈಯಲ್ಲಿತ್ತು.

ಇವತ್ತು ಮಧ್ಯಾಹ್ನ ಊರು ಮುಟ್ಟಿದೆವು. ಅವರ ಬೀದಿ ಮೊದಲು ಸಿಗುತ್ತದೆ. ಅವರು ತಿರುಗಲಿಲ್ಲ, ನನ್ನ ಜೊತೆಗೇ ನಡೆದು ಬಂದರು.

ಅಪ್ಪ ಈ ಸಲ ಎದ್ದು ನಿಂತರು. ‘ನನ್ನನ್ನ ಕ್ಷಮಿಸಿ ಅಂತ ಕೇಳೋ ಮುಖ...’ ಎಂದು ಶುರು ಮಾಡಿದ್ದರು.

‘ಅದೆಲ್ಲ ಆಮೇಲೆ ಮೇಷ್ಟ್ರೇ. ಆಗತ್ತೋ ಇಲ್ವೋ ನನಗೂ ಗೊತ್ತಿಲ್ಲ. ಮೊದಲು ಕೂತ್ಕೊಂಡು ಕೇಳಿ, ನಿಮ್ಮ ಕಾರ್ಡು ಅವರಿಗೆ ಮುಟ್ಟಿತ್ತು.’

ನನ್ನ ಕುರ್ಚಿಯನ್ನು ಅಪ್ಪನ ಎದುರಿಗೆ ಎಳೆದುಕೊಂಡು ಕೂತು ಎಲ್ಲವನ್ನೂ ಹೇಳಿದರು: ಮಂಜುಗಡ್ಡೆಯ ಕಾರ್ಖಾನೆ, ಮುದುಕಿ, ಗರಗಸದ ಹಲ್ಲು, ತಟ್ಟೆ ಬಿಟ್ಟು ಏಳುತ್ತಿದ್ದದ್ದು. ನೀಲಿ ಗೀಟಿನ ಶರ್ಟಿನ ಹತ್ತಿರ ಬಂದಾಗ ಮತ್ತೆ ದನಿ ಗಟ್ಟಿಯಾಯಿತು.

‘ಅದೊಂದು ಮಾತ್ರ ಆ ಅಜ್ಜಿ ತಪ್ಪು ತಿಳ್ಕೊಂಡಿದ್ದಾರೆ. ನಾನು ಶರ್ಟು ಹೊಲಿಯಲ್ಲ. ಗಂಡಸರ ಬಟ್ಟೆ ಎಲ್ಲ ನಮ್ಮ ಯಜಮಾನ್ರದ್ದು. ಅವರಿದ್ದಾಗ ಅಳತೆ, ಕಟಿಂಗು, ಹೊಲಿಗೆ ಎಲ್ಲ ಅವರೇ. ನಾನು ಎದುರಿನ ಮಿಷನ್ನಲ್ಲಿ ರವಿಕೆ. ಶರ್ಟು ಅಂದ್ರೆ ನಾನು ಮಾಡ್ತಿದ್ದದ್ದು...’

ಅಪ್ಪ ಕುರ್ಚಿಯ ಅಂಚಿಗೆ ಸರಿದರು.

‘ಕಾಜಾ, ಗುಂಡಿ ಮಾತ್ರ,’ ಎಂದರು ಅಕ್ಕ.

‘ಎಲ್ಲ ಶರ್ಟಿಗೂ ನೀವೇನಾ?’

‘ಎಲ್ಲದಕ್ಕೂ. ಹೊರಗೆ ಕೊಡ್ತಿರಲಿಲ್ಲ ನಾವು.’

ಬಲಗೈಯ ಹೆಬ್ಬೆರಳು, ತೋರುಬೆರಳನ್ನು ಸೇರಿಸಿ ಹಿಡಿದು ನೋಡಿಕೊಂಡರು. ಎರಡು ದಿನದಿಂದ ಬರದ ಅಳು ಆಗ ಬಂತು. ಅಪ್ಪ ಎದ್ದು ಒಳಗೆ ಹೋಗಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ಅಳು ಮುಗಿಯುವ ತನಕ ಎದುರಿಗೇ ಕೂತಿದ್ದರು.

‘ಹಾಗಾದ್ರೆ ಕೊನೇಗೆ ಅವರ ಎದೆ ಮೇಲಿದ್ದದ್ದು ನಾನು ಹಾಕಿದ ಗುಂಡಿ,’ ಎಂದರು ಅಕ್ಕ.

‘ಹೌದಮ್ಮ,’ ಎಂದರು ಅಪ್ಪ.